ಸ್ಪಿರಿಟ್ ಹಾರುತ್ತದೆ, ನೀರು ಆರುತ್ತದೆ, ಕೊಬ್ಬರಿ ಎಣ್ಣೆ ಮಾತ್ರ ಏಕೆ ಕುಳಿತೇ ಇರುತ್ತದೆ?

ಪ್ರಶ್ನೆ: ಪ್ರಥಮ ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಎಲ್ಲರಿಗೂ ನಮಸ್ಕಾರ. ಕಳೆದ ವಾರ ನಮ್ಮ ತರಗತಿಯಲ್ಲಿ ದ್ರವಗಳ ಬಾಷ್ಪಶೀಲತೆಯ, ಅಂದರೆ ಆವಿಯಾಗಿ ಹಾರಿಹೋಗುವ ಗುಣದ, ಪಾಠ ಮುಗಿಯಿತು. ಅಣುಗಳ ನಡುವಿನ ಆಕರ್ಷಣೆ ಹೆಚ್ಚಿದಷ್ಟೂ ದ್ರವ ನಿಧಾನವಾಗಿ ಆವಿಯಾಗುತ್ತದೆ ಎಂದೂ, ಆ ಆಕರ್ಷಣೆಗಳಲ್ಲಿ ಹೈಡ್ರೋಜನ್ ಬಂಧವೇ (ಒಂದು ಅಣುವಿನ ಹೈಡ್ರೋಜನ್ ಪಕ್ಕದ ಅಣುವಿನ ಆಕ್ಸಿಜನ್‌ನಂಥ ಪರಮಾಣುವಿಗೆ ಅಂಟಿಕೊಳ್ಳುವುದು) ಬಲಿಷ್ಠ, ಅದರ ನಂತರದ್ದು ಧ್ರುವೀಯ ಅಣುಗಳ, ಅಂದರೆ ಒಂದು ಬದಿ ತುಸು ಧನ, ಇನ್ನೊಂದು ಬದಿ ತುಸು ಋಣ ಆಗಿರುವ ಅಣುಗಳ ನಡುವಿನ ದ್ವಿಧ್ರುವ ಆಕರ್ಷಣೆ, ಎಲ್ಲ ಅಣುಗಳ ನಡುವೆಯೂ ಇರುವ ಲಂಡನ್ ಬಲ ಎಲ್ಲಕ್ಕಿಂತ ದುರ್ಬಲ ಎಂದೂ ನೋಟ್ಸಿನಲ್ಲಿ ಬರೆದುಕೊಂಡಿದ್ದೇನೆ. ಬರೆದುಕೊಳ್ಳುವಾಗ ಎಲ್ಲವೂ ಅರ್ಥವಾದಂತೆಯೇ ಇತ್ತು. ಮನೆಯಲ್ಲಿ ಮಾಡಿ ನೋಡಿದ ಮೇಲೆ ಅನುಮಾನ ಶುರುವಾಯಿತು.

ಭಾನುವಾರ ಮಧ್ಯಾಹ್ನ ಫ್ಯಾನ್ ಆರಿಸಿ, ಒಂದು ಸ್ಟೀಲ್ ತಟ್ಟೆಯನ್ನು ಬೋರಲು ಹಾಕಿ, ಅದರ ಮೇಲೆ ನಾಲ್ಕು ಹನಿಗಳನ್ನು ದೂರ ದೂರ ಇಟ್ಟೆ. ಒಂದು ಅಕ್ಕನ ನೇಲ್ ಪಾಲಿಶ್ ರಿಮೂವರ್, ಅದರ ಬಾಟಲಿಯ ಮೇಲೆ ಅಸಿಟೋನ್ ಎಂದು ಬರೆದಿತ್ತು. ಇನ್ನೊಂದು ಗಾಯ ಒರೆಸಲು ಇಟ್ಟಿದ್ದ ಸ್ಪಿರಿಟ್. ಮೂರನೆಯದು ಬಾವಿಯ ನೀರು, ನಾಲ್ಕನೆಯದು ಕೊಬ್ಬರಿ ಎಣ್ಣೆ. ಅಸಿಟೋನ್ ಹನಿ ಒಂದು ನಿಮಿಷ ತುಂಬುವುದರೊಳಗೆ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಕಣ್ಮುಂದೆಯೇ ಮಾಯವಾಯಿತು. ಸ್ಪಿರಿಟ್ ಆರೇಳು ನಿಮಿಷ ತೆಗೆದುಕೊಂಡಿತು. ನೀರಿನ ಹನಿ ಉಬ್ಬಿಕೊಂಡು ಕುಳಿತಿದ್ದು, ಪೂರ್ತಿ ಆರಲು ಮುಕ್ಕಾಲು ಗಂಟೆಯ ಮೇಲಾಯಿತು. ಕೊಬ್ಬರಿ ಎಣ್ಣೆಯ ಹನಿ ಮಾತ್ರ ಮರುದಿನ ಬೆಳಿಗ್ಗೆಯೂ ಹಾಗೆಯೇ ಇತ್ತು. ಬೆರಳಿನಿಂದ ಒರೆಸಿ ತೆಗೆಯಬೇಕಾಯಿತು.

ನನ್ನ ತೊಡಕು ಇಲ್ಲಿದೆ. ನೀರು ನಿಧಾನವಾಗಿ ಆರಿದ್ದಕ್ಕೆ ಹೈಡ್ರೋಜನ್ ಬಂಧ ಕಾರಣ ಎಂದು ಒಪ್ಪುತ್ತೇನೆ. ಆದರೆ ಎಣ್ಣೆಯ ಅಣುವಿನಲ್ಲಿ ಹೈಡ್ರೋಜನ್ ಬಂಧ ಕಟ್ಟಬಲ್ಲ ಒಎಚ್ ಗುಂಪೇ (ಆಕ್ಸಿಜನ್‌ಗೆ ಹೈಡ್ರೋಜನ್ ಕೂಡಿದ ಜೋಡಿ) ಇಲ್ಲವಂತೆ. ಹಾಗಿದ್ದರೆ ಎಲ್ಲಕ್ಕಿಂತ ದುರ್ಬಲವಾದ ಬಲವನ್ನು ನೆಚ್ಚಿಕೊಂಡಿರುವ ಎಣ್ಣೆ, ಎಲ್ಲಕ್ಕಿಂತ ಬಲವಾದ ಬಂಧವಿರುವ ನೀರಿಗಿಂತ ಮೊದಲು ಹಾರಿಹೋಗಬೇಕಿತ್ತಲ್ಲವೇ? ಎಣ್ಣೆಯ ಅಣು ಭಾರವಾದ್ದರಿಂದ ಹಾರುವುದಿಲ್ಲ ಎಂದು ಗೆಳತಿ ಹೇಳಿದಳು. ಅದು ನಿಜವಾದರೆ ಅಣುತೂಕ 18 ಇರುವ ನೀರು, 46 ಇರುವ ಆಲ್ಕೋಹಾಲ್ ಮತ್ತು 58 ಇರುವ ಅಸಿಟೋನ್ ಎರಡಕ್ಕಿಂತ ಮೊದಲು ಆರಬೇಕಿತ್ತು. ತೂಕದ ನಿಯಮ ಹಿಡಿದರೆ ನೀರು ತಪ್ಪುತ್ತದೆ, ಬಂಧದ ನಿಯಮ ಹಿಡಿದರೆ ಎಣ್ಣೆ ತಪ್ಪುತ್ತದೆ.

ಇನ್ನೊಂದು ಮಾತನ್ನೂ ಕೇಳಿಬಿಡುತ್ತೇನೆ. ನೀರು ಆವಿಯಾಗುವಾಗ ಬಂಧಗಳು ಮುರಿಯುತ್ತವೆ ಎಂದರೆ, ಹೈಡ್ರೋಜನ್ ಬೇರೆ, ಆಕ್ಸಿಜನ್ ಬೇರೆ ಆಗುತ್ತವೆ ಎಂದು ಅರ್ಥವೇ? ನಮ್ಮ ತರಗತಿಯಲ್ಲಿ ಅರ್ಧ ಜನ ಹೌದು ಎನ್ನುತ್ತಾರೆ.

ಉತ್ತರ 1: ರಸಾಯನಶಾಸ್ತ್ರ ಉಪನ್ಯಾಸಕಿ, ಧಾರವಾಡ

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಅಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ, ಮತ್ತು ಇಪ್ಪತ್ತು ವರ್ಷಗಳಿಂದ ಪ್ರತಿ ಬ್ಯಾಚಿನಲ್ಲಿಯೂ ಈ ತಪ್ಪನ್ನು ನೋಡುತ್ತಿದ್ದೇನೆ. ನೀರಿನ ಅಣುವಿನ ಒಳಗೆ ಆಕ್ಸಿಜನ್ ಮತ್ತು ಹೈಡ್ರೋಜನ್‌ಗಳನ್ನು ಹಿಡಿದಿಟ್ಟಿರುವುದು ಸಹವೇಲೆನ್ಸಿಯ ಬಂಧ, ಅಂದರೆ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡ ಬಂಧ. ಅಂಥ ಒಂದು ಮೋಲ್ (ರಸಾಯನಶಾಸ್ತ್ರದಲ್ಲಿ ಬಳಸುವ ಒಂದು ನಿಗದಿತ ದೊಡ್ಡ ಎಣಿಕೆ) ಬಂಧಗಳನ್ನು ಮುರಿಯಲು ಸುಮಾರು 460 ಕಿಲೋಜೌಲ್ ಬೇಕು. ಒಂದು ಮೋಲ್ ನೀರನ್ನು ಆವಿ ಮಾಡಲು ಕೋಣೆಯ ತಾಪದಲ್ಲಿ ಬೇಕಾಗುವುದು ಸುಮಾರು 44 ಕಿಲೋಜೌಲ್ ಮಾತ್ರ. ಅಷ್ಟು ಕಡಿಮೆ ಶಕ್ತಿಯಲ್ಲಿ ಅಣು ಒಡೆಯುವುದು ಸಾಧ್ಯವಿಲ್ಲ. ಕುದಿಯುವ ಪಾತ್ರೆಯ ಮುಚ್ಚಳ ತೆಗೆದರೆ ಒಳಮೈಯಿಂದ ತೊಟ್ಟಿಕ್ಕುವುದು ನೀರೇ. ಆವಿಯಾಗಿ ಮೇಲೇರಿದ ಅಣು ಇಡಿಯಾಗಿಯೇ ಹೋಗಿತ್ತು, ಇಡಿಯಾಗಿಯೇ ಮರಳಿತು. ಕಳಚಿಕೊಂಡದ್ದು ಅಕ್ಕಪಕ್ಕದ ಅಣುಗಳೊಡನೆ ಇದ್ದ ನಂಟು ಮಾತ್ರ. ಬಾಷ್ಪಶೀಲತೆ ಎಂದಾಗ ನಾವು ಮಾತನಾಡುವುದು ಈ ನಂಟನ್ನು ಕುರಿತು.

ಈಗ ಹನಿಯ ಮೇಲ್ಮೈಯನ್ನು ಹತ್ತಿರದಿಂದ ನೋಡೋಣ. ದ್ರವದ ಎಲ್ಲ ಅಣುಗಳೂ ಒಂದೇ ವೇಗದಲ್ಲಿ ಚಲಿಸುವುದಿಲ್ಲ. ಕೆಲವು ಮಂದ, ಹೆಚ್ಚಿನವು ಸರಾಸರಿಯ ಆಸುಪಾಸು, ಬೆರಳೆಣಿಕೆಯವು ಅತಿ ವೇಗ. ಮೇಲ್ಮೈಯಲ್ಲಿದ್ದು, ಹೊರಮುಖವಾಗಿ ಚಲಿಸುತ್ತಾ, ಸುತ್ತಲಿನ ಅಣುಗಳ ಹಿಡಿತವನ್ನು ಮೀರುವಷ್ಟು ಶಕ್ತಿ ಪಡೆದ ಅಣು ಮಾತ್ರ ಗಾಳಿಗೆ ಸೇರುತ್ತದೆ. ಹಿಡಿತ ಸ್ವಲ್ಪ ಬಿಗಿಯಾದರೂ ಪಾರಾಗುವವುಗಳ ಸಂಖ್ಯೆ ತೀವ್ರವಾಗಿ ಇಳಿಯುತ್ತದೆ. ಉಳಿದುದೆಲ್ಲ ಸಮವಾಗಿದ್ದು, ಮೋಲಿಗೆ 5.7 ಕಿಲೋಜೌಲ್‌ನಷ್ಟು ಹಿಡಿತ ಹೆಚ್ಚಾದರೆ, ಕೋಣೆಯ ತಾಪದಲ್ಲಿ ಪಾರಾಗುವವುಗಳು ಹತ್ತರಲ್ಲಿ ಒಂದಕ್ಕೆ ಇಳಿಯುತ್ತವೆ. ಮುಚ್ಚಿದ ಪಾತ್ರೆಯಲ್ಲಿ ಹೊರಹೋಗುವ ಮತ್ತು ಮರಳುವ ಅಣುಗಳು ಸರಿದೂಗಿದಾಗ ಆವಿ ಉಂಟುಮಾಡುವ ಒತ್ತಡವನ್ನು ಆವಿ ಒತ್ತಡ ಎನ್ನುತ್ತೇವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಸಿಟೋನಿನ ಆವಿ ಒತ್ತಡ ಪಾದರಸದ ಸುಮಾರು 230 ಮಿಲಿಮೀಟರ್, ಎಥನಾಲಿನದು 59, ನೀರಿನದು 24. ನಿಮ್ಮ ತಟ್ಟೆಯ ಮೇಲೆ ಹನಿಗಳು ಮಾಯವಾದ ಕ್ರಮವೂ ಇದೇ ಅಲ್ಲವೇ? ಔಷಧದಂಗಡಿಯ ಸ್ಪಿರಿಟ್ ಆಲ್ಕೋಹಾಲ್ ಮತ್ತು ನೀರಿನ ಮಿಶ್ರಣವಾದ್ದರಿಂದ ಅದರ ಕೊನೆಯ ಪಸೆ ಆರಲು ತುಸು ಹೆಚ್ಚು ಹೊತ್ತು ಬೇಕಾಗಿರುತ್ತದೆ.

ನೋಟ್ಸಿನಲ್ಲಿರುವ ಕ್ರಮ ಸುಳ್ಳಲ್ಲ. ಆದರೆ ಅದರ ಮುಂದೆ ಬರೆಯಲೇಬೇಕಾದ ಒಂದು ಷರತ್ತು ಬಿಟ್ಟುಹೋಗಿದೆ: ಅಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಮಾತ್ರ ಅದು ಹೊಂದುತ್ತದೆ. ಅಣುತೂಕ 60ರ ಆಸುಪಾಸಿನಲ್ಲಿರುವ ನಾಲ್ಕು ವಸ್ತುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಅಡುಗೆ ಅನಿಲದಲ್ಲಿರುವ ಬ್ಯುಟೇನಿನ ಅಣುತೂಕ 58. ಅದಕ್ಕಿರುವುದು ಲಂಡನ್ ಬಲ ಮಾತ್ರ, ಸೊನ್ನೆ ಡಿಗ್ರಿಗೇ ಕುದಿಯುತ್ತದೆ. ಅಸಿಟೋನಿನದೂ 58, ಆದರೆ ಅದು ಧ್ರುವೀಯ, 56 ಡಿಗ್ರಿಗೆ ಕುದಿಯುತ್ತದೆ. ಒಂದು ಒಎಚ್ ಗುಂಪಿರುವ ಪ್ರೊಪನಾಲ್ 60, ಕುದಿಯುವುದು 97ಕ್ಕೆ. ಎರಡು ಒಎಚ್ ಇರುವ ಎಥಿಲೀನ್ ಗ್ಲೈಕಾಲ್ 62, ಅದನ್ನು ಕುದಿಸಲು 197 ಡಿಗ್ರಿ ಬೇಕು. ತೂಕ ಒಂದೇ, ಹಿಡಿತ ಮಾತ್ರ ಬೇರೆ. ನೀರಿನ ಅಣು ಚಿಕ್ಕದಾದರೂ ಎರಡು ಹೈಡ್ರೋಜನ್‌ಗಳನ್ನು ಮುಂದೆ ಚಾಚುತ್ತದೆ, ಆಕ್ಸಿಜನ್‌ನ ಕಡೆಯಿಂದ ಇನ್ನೆರಡನ್ನು ಬರಮಾಡಿಕೊಳ್ಳುತ್ತದೆ. ಹೀಗೆ ನಾಲ್ಕು ನೆರೆಯವರೊಡನೆ ಹೆಣೆದುಕೊಳ್ಳಬಲ್ಲದು. ನೀರಿನ ಸೋದರ ಸಂಬಂಧಿಯಾದ ಹೈಡ್ರೋಜನ್ ಸಲ್ಫೈಡ್ ಅದಕ್ಕಿಂತ ಸುಮಾರು ಎರಡು ಪಟ್ಟು ಭಾರ, ಅಣುತೂಕ 34. ಆದರೂ ಅದು ಮೈನಸ್ 60 ಡಿಗ್ರಿಗೇ ಕುದಿದುಹೋಗುತ್ತದೆ, ಏಕೆಂದರೆ ಆ ಹೆಣಿಗೆ ಅದಕ್ಕೆ ಸಾಧ್ಯವಿಲ್ಲ.

ಇನ್ನು ಎಣ್ಣೆ. ಲಂಡನ್ ಬಲ ದುರ್ಬಲ ಎಂದು ಕಲಿಸುವಾಗ ನಾವು ಉಪನ್ಯಾಸಕರೇ ಒಂದು ಅನ್ಯಾಯ ಮಾಡುತ್ತೇವೆ. ಫ್ರಿಟ್ಸ್ ಲಂಡನ್ 1930ರಲ್ಲಿ ವಿವರಿಸಿದ ಈ ಬಲ ಹುಟ್ಟುವುದು ಎಲೆಕ್ಟ್ರಾನುಗಳ ಕ್ಷಣಿಕ ಓಲಾಟದಿಂದ. ಒಂದು ಅಣುವಿನ ಎಲೆಕ್ಟ್ರಾನುಗಳು ಒಂದು ಗಳಿಗೆ ಒಂದು ಬದಿಗೆ ಸರಿದರೆ, ಪಕ್ಕದ ಅಣುವಿನವೂ ಅದಕ್ಕೆ ಹೊಂದಿಕೊಂಡು ಸರಿಯುತ್ತವೆ, ಎರಡೂ ಸೆಳೆದುಕೊಳ್ಳುತ್ತವೆ. ಒಂದು ಸಂಪರ್ಕದಲ್ಲಿ ಈ ಸೆಳೆತ ಅಲ್ಪ. ಆದರೆ ಅಣು ಉದ್ದವಾದಷ್ಟೂ ಸಂಪರ್ಕಗಳು ಹೆಚ್ಚುತ್ತವೆ, ಮತ್ತು ಎಲ್ಲವೂ ಕೂಡುತ್ತಾ ಹೋಗುತ್ತವೆ. ಐದು ಕಾರ್ಬನ್‌ಗಳ ಪೆಂಟೇನ್ 36 ಡಿಗ್ರಿಗೆ ಕುದಿಯುತ್ತದೆ, ಆರರ ಹೆಕ್ಸೇನ್ 69ಕ್ಕೆ, ಎಂಟರ ಆಕ್ಟೇನ್ 126ಕ್ಕೆ. ಇಲ್ಲಿ ಒಂದು ಕ್ಷಣ ನಿಲ್ಲಿ. ಯಾವ ಹೈಡ್ರೋಜನ್ ಬಂಧವೂ ಇಲ್ಲದ, ಧ್ರುವೀಯವೂ ಅಲ್ಲದ ಆಕ್ಟೇನ್ ನೀರಿಗಿಂತ ಹೆಚ್ಚಿನ ತಾಪದಲ್ಲಿ ಕುದಿಯುತ್ತದೆ. 25 ಡಿಗ್ರಿಯಲ್ಲಿ ಅದರ ಆವಿ ಒತ್ತಡ 14 ಮಿಲಿಮೀಟರ್, ನೀರಿನ 24ಕ್ಕಿಂತ ಕಡಿಮೆ. ಹಾಗೆಯೇ ಧ್ರುವೀಯವಾದ ಕ್ಲೋರೋಫಾರ್ಮ್ 61 ಡಿಗ್ರಿಗೆ ಕುದಿದರೆ, ಧ್ರುವೀಯವಲ್ಲದ ಕಾರ್ಬನ್ ಟೆಟ್ರಾಕ್ಲೋರೈಡ್ 77ಕ್ಕೆ ಕುದಿಯುತ್ತದೆ. ಕ್ಲೋರಿನ್ ಒಂದು ಹೆಚ್ಚಾದಾಗ ಓಲಾಡುವ ಎಲೆಕ್ಟ್ರಾನುಗಳೂ ಹೆಚ್ಚಾದವು, ಆ ಗಳಿಕೆ ಧ್ರುವೀಯತೆಯ ನಷ್ಟವನ್ನು ಮೀರಿಸಿತು.

ಕೊಬ್ಬರಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಸುಮಾರು ಅರ್ಧದಷ್ಟು ಲಾರಿಕ್ ಆಮ್ಲ. ಮೂರು ಲಾರಿಕ್ ಸರಪಳಿಗಳು ಒಂದು ಗ್ಲಿಸರಾಲ್ ಬೆನ್ನಿಗೆ ಕೂಡಿದ ಅಣುವಿನಲ್ಲಿ 39 ಕಾರ್ಬನ್‌ಗಳಿರುತ್ತವೆ, ಅಣುತೂಕ 639. ಅಷ್ಟು ಉದ್ದದ ಮೂರು ಬಾಲಗಳು ನೆರೆಯ ಅಣುಗಳ ಬಾಲಗಳೊಡನೆ ಮೈಗೆ ಮೈ ತಾಗಿಸಿಕೊಂಡು ಮಲಗಿರುತ್ತವೆ. ತೆಂಗಿನ ನಾರಿನ ಒಂದು ಎಳೆಯನ್ನು ಮಗುವೂ ಕಿತ್ತೀತು. ಅದೇ ನಾರನ್ನು ಹೊಸೆದ ಮಿಣಿ ತೇರನ್ನು ಎಳೆಯುತ್ತದೆ. ಎಣ್ಣೆಯ ಅಣುವನ್ನು ಹಿಡಿದಿರುವುದು ಹೀಗೆ ಕೂಡಿಕೊಂಡ ಎಳೆಗಳ ಬಲ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾವ ಜಾತಿಯ ಬಲ ಎಂಬುದಲ್ಲ. ಒಂದು ಅಣುವನ್ನು ದ್ರವದಿಂದ ಪೂರ್ತಿ ಬಿಡಿಸಿ ತೆಗೆಯಲು ಒಟ್ಟು ಎಷ್ಟು ಶಕ್ತಿ ಬೇಕು ಎಂಬುದು. ನಿಮ್ಮ ಗೆಳತಿ ಹೇಳಿದ ಭಾರದ ಮಾತಿನಲ್ಲಿಯೂ ಸತ್ಯವಿದೆ. ಭಾರ ತಾನಾಗಿ ಅಣುವನ್ನು ಕೆಳಗೆ ಜಗ್ಗುವುದಿಲ್ಲ. ಭಾರವಾದ ಅಣುವಿನಲ್ಲಿ ಸಾಮಾನ್ಯವಾಗಿ ಎಲೆಕ್ಟ್ರಾನುಗಳೂ ಸಂಪರ್ಕದ ಮೈಯೂ ಹೆಚ್ಚಿರುತ್ತವೆ ಎಂಬುದಷ್ಟೇ ಅದರ ಒಳಗಿನ ಕಾರಣ.

ನಮ್ಮ ಅಡುಗೆಮನೆಯ ಮಾತು ಈ ವ್ಯತ್ಯಾಸವನ್ನು ಮೊದಲೇ ಗುರುತಿಸಿದೆ ಎಂದು ನನಗೆ ಅನ್ನಿಸುತ್ತದೆ. ನೀರು ಕುದಿಯಿತೇ ಎಂದು ಕೇಳುತ್ತೇವೆ, ಎಣ್ಣೆ ಕಾದಿತೇ ಎಂದು ಕೇಳುತ್ತೇವೆ. ಬೋಂಡಾ ಬಿಟ್ಟಾಗ ಬಾಣಲೆಯಲ್ಲಿ ಏಳುವ ಗುಳ್ಳೆಗಳು ಹಿಟ್ಟಿನೊಳಗಿನ ನೀರಿನವೇ ಹೊರತು ಎಣ್ಣೆಯವಲ್ಲ. ಎಣ್ಣೆಯನ್ನು ಇನ್ನೂ ಕಾಯಿಸಿದರೆ ಅದು ಕುದಿಯುವ ಮುನ್ನವೇ ಹೊಗೆಯಾಡಿ ಕೆಡುತ್ತದೆ. ಅಣು ಅಣುಗಳ ನಡುವಿನ ಒಟ್ಟು ಹಿಡಿತ ಅಷ್ಟು ಹೆಚ್ಚಿರುವುದರಿಂದ, ನೆರೆಯವರನ್ನು ಬಿಟ್ಟು ಹೋಗುವ ಮೊದಲೇ ಅಣುವಿನೊಳಗಿನ ಸಹವೇಲೆನ್ಸಿಯ ಬಂಧಗಳು ಮುರಿಯತೊಡಗುತ್ತವೆ. ನೀರಿನ ವಿಷಯದಲ್ಲಿ ನಿಮ್ಮ ತರಗತಿಯ ಅರ್ಧ ಜನ ಊಹಿಸಿದ್ದು ನಡೆಯುವುದು ನೀರಿನಲ್ಲಲ್ಲ, ಈ ಎಣ್ಣೆಯಲ್ಲಿ.

ಸಾಧ್ಯವಾದರೆ ಒಂದು ಹನಿ ಸೀಮೆಎಣ್ಣೆ ತಂದು ನೀರಿನ ಹನಿಯ ಪಕ್ಕದಲ್ಲಿಟ್ಟು ನೋಡಿ. ಒಲೆ, ದೀಪ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಯಾವುದು ಮೊದಲು ಆರುತ್ತದೆ ಎಂದು ನೋಡುವ ಮುನ್ನ ನಿಮ್ಮ ಊಹೆಯನ್ನೂ ಅದರ ಕಾರಣವನ್ನೂ ಬರೆದಿಡಿ.

ಪ್ರಶ್ನೆ ಕೇಳಿದವರ ಮಾತು

ತುಂಬಾ ಧನ್ಯವಾದಗಳು, ಮೇಡಂ. ಬೋಂಡಾದ ಗುಳ್ಳೆ ನೀರಿನದು ಎಂಬುದು ಇಷ್ಟು ದಿನ ಕಣ್ಣೆದುರೇ ಇದ್ದರೂ ಹೊಳೆದಿರಲಿಲ್ಲ. ಆದರೆ ಒಂದು ಸಂದೇಹ ಉಳಿದಿದೆ. ಎಣ್ಣೆಯ ಅಣು ಗಾಳಿಗೆ ಬರುವುದೇ ಇಲ್ಲವಾದರೆ, ಕೊಬ್ಬರಿ ಎಣ್ಣೆಯ ಡಬ್ಬದ ಮುಚ್ಚಳ ತೆಗೆದ ಕೂಡಲೇ ಅದರ ಪರಿಮಳ ಮೂಗಿಗೆ ಬರುವುದು ಹೇಗೆ? ಪರಿಮಳ ಬರಬೇಕಾದರೆ ಅಣುಗಳು ಹಾರಿ ಬರಲೇಬೇಕಲ್ಲವೇ? ಅಜ್ಜಿಯ ಪೆಟ್ಟಿಗೆಯಲ್ಲಿರುವ ಗಂಧದ ಕೊರಡು ನಾನು ಚಿಕ್ಕವಳಿದ್ದಾಗಿನಿಂದಲೂ ಕಂಪು ಬೀರುತ್ತಲೇ ಇದೆ. ಹಾರಿಹೋಗುವ ವಸ್ತುವಾದರೆ ಇಷ್ಟು ಹೊತ್ತಿಗೆ ಮುಗಿದುಹೋಗಬೇಕಿತ್ತು, ಹಾರದ ವಸ್ತುವಾದರೆ ಕಂಪೇ ಬರಬಾರದಿತ್ತು.

ಉತ್ತರ 2: ಸುಗಂಧ ತೈಲದ ಕೆಲಸದಲ್ಲಿರುವವರು, ಮೈಸೂರು

ತಂಗಿ, ನಿಮ್ಮ ಪ್ರಶ್ನೆ ನನ್ನ ದಿನನಿತ್ಯದ ಕೆಲಸಕ್ಕೆ ಸೇರಿದ್ದರಿಂದ ಉತ್ತರಿಸುತ್ತೇನೆ. ಕೊಬ್ಬರಿ ಎಣ್ಣೆಯ ಪರಿಮಳ ಅದರ ಕೊಬ್ಬಿನ ಅಣುಗಳದ್ದಲ್ಲ. ಎಣ್ಣೆಯಲ್ಲಿ ಲೇಶಮಾತ್ರ ಕರಗಿರುವ ಲ್ಯಾಕ್ಟೋನ್‌ಗಳೆಂಬ ಪುಟ್ಟ ಅಣುಗಳು ಆ ಪರಿಮಳವನ್ನು ಹೊತ್ತು ತರುತ್ತವೆ. ಮೂಗಿಗೆ ಬಹಳ ಕಡಿಮೆ ಅಣುಗಳು ಸಾಕು. ಹನಿ ಕುಗ್ಗಿದ್ದು ಕಣ್ಣಿಗೆ ಕಾಣಬೇಕಾದರೆ ಮಾತ್ರ ಅಣುಗಳ ದೊಡ್ಡ ರಾಶಿಯೇ ಹಾರಬೇಕು.

ಬೇರೆ ಬೇರೆ ತೈಲಗಳಲ್ಲಿ ಕಾಗದದ ಪಟ್ಟಿಗಳನ್ನು ಅದ್ದಿ, ಗುರುತು ಬರೆದು, ಗಂಟೆಗೊಮ್ಮೆ ಮೂಸಿ ನೋಡುವುದು ನಮ್ಮ ಅಭ್ಯಾಸ. ನೀಲಗಿರಿ ಎಣ್ಣೆಯ ಪಟ್ಟಿ ಮೊದಲಿಗೆ ಮೂಗು ಬಿಚ್ಚಿಸುವಷ್ಟು ಘಾಟಾಗಿದ್ದು, ಬೇಗ ಸೊರಗಿ ಸಂಜೆಯ ಹೊತ್ತಿಗೆ ಬರಿಯ ಕಾಗದವಾಗಿರುತ್ತದೆ. ಶ್ರೀಗಂಧದ ಪಟ್ಟಿ ಮೊದಲಿಗೆ ಮೆಲುವಾಗಿ ಬಂದು, ಹಲವು ದಿನಗಳ ನಂತರವೂ ಅಷ್ಟೇ ಮೆಲುವಾಗಿ ಉಳಿದಿರುತ್ತದೆ. ಇದರ ಹಿಂದಿರುವುದು ಮೇಡಂ ವಿವರಿಸಿದ ಅದೇ ಲೆಕ್ಕ.

ಇದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಉದಾಹರಣೆ ಕೊಡುತ್ತೇನೆ. ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್, ಮಲ್ಲಿಗೆಯಲ್ಲಿಯೂ ಲ್ಯಾವೆಂಡರ್‌ನಲ್ಲಿಯೂ ಇರುವ ಲಿನಲೂಲ್, ಗುಲಾಬಿಯಲ್ಲಿರುವ ಜೆರೇನಿಯಾಲ್, ಈ ಮೂರಕ್ಕೂ ಅಣುಸೂತ್ರ ಒಂದೇ. ಹತ್ತು ಕಾರ್ಬನ್, ಹದಿನೆಂಟು ಹೈಡ್ರೋಜನ್, ಒಂದು ಆಕ್ಸಿಜನ್, ಅಣುತೂಕ 154. ಆದರೆ ಸಿನಿಯೋಲ್ ಸುಮಾರು 176 ಡಿಗ್ರಿಗೆ ಕುದಿಯುತ್ತದೆ, ಲಿನಲೂಲ್ 198ಕ್ಕೆ, ಜೆರೇನಿಯಾಲ್ 230ಕ್ಕೆ. ಸಿನಿಯೋಲ್‌ನ ಆಕ್ಸಿಜನ್ ಎರಡು ಕಾರ್ಬನ್‌ಗಳ ನಡುವೆ ಸೇತುವೆಯಾಗಿ ಕುಳಿತಿದೆ. ಅದರ ಮೇಲೆ ಹೈಡ್ರೋಜನ್ ಇಲ್ಲದ್ದರಿಂದ ತನ್ನಂಥದೇ ಇನ್ನೊಂದು ಅಣುವಿನೊಡನೆ ಹೈಡ್ರೋಜನ್ ಬಂಧ ಕಟ್ಟಲಾರದು. ಸಾಲದ್ದಕ್ಕೆ ಅಣು ಉಂಡೆಯಂತೆ ದುಂಡಗಿದೆ. ಉಂಡೆಗೆ ಉಂಡೆ ತಾಗುವುದು ಒಂದೆರಡು ಕಡೆ ಮಾತ್ರ. ಲಿನಲೂಲ್‌ನಲ್ಲಿ ಒಎಚ್ ಇದೆ, ಆದರೆ ಅದು ಕವಲೊಡೆದ ಕಾರ್ಬನ್ ಒಂದರ ಮೇಲೆ, ಇತರ ಗುಂಪುಗಳ ಸಂದಿಯಲ್ಲಿ ಕುಳಿತಿದೆ. ಬೇರೆ ಅಣು ಅದನ್ನು ತಲುಪಲು ಇಕ್ಕಟ್ಟು. ಜೆರೇನಿಯಾಲ್‌ನಲ್ಲಿ ಅದೇ ಒಎಚ್ ಸರಪಳಿಯ ತುದಿಯಲ್ಲಿ ಬಿಡುವಾಗಿ ನಿಂತಿದೆ. ತೂಕವೂ ಪರಮಾಣುಗಳೂ ಒಂದೇ ಆಗಿರುವಾಗ, ಒಎಚ್ ಇದೆಯೇ, ಇದ್ದರೆ ಎಲ್ಲಿ ಕುಳಿತಿದೆ, ಅಣುವಿನ ಆಕಾರ ಹೇಗಿದೆ ಎಂಬುವೇ 54 ಡಿಗ್ರಿಗಳ ವ್ಯತ್ಯಾಸ ಮಾಡಿವೆ.

ಶ್ರೀಗಂಧದ ಎಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್. ಹದಿನೈದು ಕಾರ್ಬನ್‌ಗಳ ಮೈ ಮತ್ತು ಒಂದು ಒಎಚ್, ಅಣುತೂಕ 220, ಕುದಿಯುವುದು ಸುಮಾರು 300 ಡಿಗ್ರಿಗೆ. ಅಂದರೆ ಲಂಡನ್ ಬಲದ ಎಳೆಗಳೂ ಹೆಚ್ಚು, ಹೈಡ್ರೋಜನ್ ಬಂಧವೂ ಇದೆ. ಅಜ್ಜಿಯ ಕೊರಡಿನಿಂದ ಅಣುಗಳು ಬರುತ್ತಲೇ ಇವೆ, ಆದರೆ ಅತಿ ಕೃಪಣವಾಗಿ. ಅದರ ಮೇಲೆ ಎಣ್ಣೆ ಇರುವುದು ಮರದ ಚೇಗಿನೊಳಗೆ. ಹೊರಮೈಯ ಅಣುಗಳು ಖರ್ಚಾದ ಮೇಲೆ ಒಳಗಿನವು ನಾರುಗಳ ಸಂದಿಯಿಂದ ನಿಧಾನವಾಗಿ ಬರಬೇಕು. ಕೊರಡನ್ನು ಸಾಣೆಕಲ್ಲಿನ ಮೇಲೆ ತೇಯ್ದ ಕೂಡಲೇ ಕಂಪು ಹೊಮ್ಮುವುದೂ ಇದಕ್ಕಾಗಿಯೇ.

ಇಂಥ ಎಣ್ಣೆಯನ್ನು 300 ಡಿಗ್ರಿಗೆ ಕಾಯಿಸಿ ಭಟ್ಟಿ ಇಳಿಸಿದರೆ ಅದು ಸುಟ್ಟು ಹಾಳಾಗುತ್ತದೆ. ಆದ್ದರಿಂದ ಗಂಧದ ಪುಡಿಯ ಮೂಲಕ ನೀರಿನ ಹಬೆ ಹಾಯಿಸುತ್ತೇವೆ. ನೀರು ಮತ್ತು ಎಣ್ಣೆ ಬೆರೆಯದ ದ್ರವಗಳಾದ್ದರಿಂದ ಎರಡರ ಆವಿ ಒತ್ತಡಗಳೂ ಒಂದರ ಮೇಲೊಂದು ಕೂಡುತ್ತವೆ. ಆ ಮೊತ್ತ ಹೊರಗಿನ ಗಾಳಿಯ ಒತ್ತಡವನ್ನು ಮುಟ್ಟಲು ನೀರಿನ ಕುದಿಬಿಂದುವಿಗಿಂತ ತುಸು ಕಡಿಮೆ ತಾಪವೇ ಸಾಕು. ಆದರೆ ಆ ತಾಪದಲ್ಲಿ ಸ್ಯಾಂಟಲಾಲ್‌ನ ಪಾಲು ಬಹಳ ಚಿಕ್ಕದು, ಬರುವ ಹಬೆಯಲ್ಲಿ ಬಹುಪಾಲು ನೀರೇ. ಅದಕ್ಕಾಗಿ ಎರಡು ಮೂರು ದಿನಗಳವರೆಗೆ ಹಬೆ ಹಾಯಿಸುತ್ತಿರಬೇಕಾಗುತ್ತದೆ. ಭಟ್ಟಿಯ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತು, ತಣಿದು ಬಂದ ನೀರಿನ ಮೇಲೆ ತೆಳು ಹಳದಿ ಪದರ ಸೇರುವುದನ್ನು ಕಾಯುವಾಗ, ಬಾಷ್ಪಶೀಲತೆ ಎಂಬ ಪದದ ತೂಕ ಮೈಗೆ ತಿಳಿಯುತ್ತದೆ.

ಉತ್ತರ 3: ರಾಸಾಯನಿಕ ಎಂಜಿನಿಯರ್, ಮಂಗಳೂರು

ಮೇಲಿನ ಎರಡೂ ಉತ್ತರಗಳನ್ನು ಒಪ್ಪುತ್ತೇನೆ. ಆದರೆ ಅವುಗಳಲ್ಲಿ ಕುದಿಬಿಂದುವನ್ನೇ ಬಾಷ್ಪಶೀಲತೆಯ ಅಳತೆಗೋಲಿನಂತೆ ಬಳಸಿರುವುದರಿಂದ ಒಂದು ಎಚ್ಚರಿಕೆಯನ್ನು ಸೇರಿಸಬೇಕೆನಿಸಿತು. ಬಹಳಷ್ಟು ಸಂದರ್ಭಗಳಲ್ಲಿ ಕುದಿಬಿಂದು ಕಡಿಮೆಯಿರುವ ದ್ರವವೇ ಕೋಣೆಯ ತಾಪದಲ್ಲಿಯೂ ಬೇಗ ಹಾರುತ್ತದೆ, ಆದರೆ ಯಾವಾಗಲೂ ಅಲ್ಲ. ಎಥನಾಲ್ 78 ಡಿಗ್ರಿಗೆ ಕುದಿಯುತ್ತದೆ, ಬೆಂಜೀನ್ 80ಕ್ಕೆ. ಕುದಿಬಿಂದುವನ್ನಷ್ಟೇ ನೋಡಿದರೆ ಎಥನಾಲ್ ಹೆಚ್ಚು ಬಾಷ್ಪಶೀಲ ಎನ್ನಬೇಕು. ಆದರೆ 25 ಡಿಗ್ರಿಯಲ್ಲಿ ಎಥನಾಲಿನ ಆವಿ ಒತ್ತಡ 59 ಮಿಲಿಮೀಟರ್ ಆದರೆ ಬೆಂಜೀನಿನದು ಸುಮಾರು 95. ಕೋಣೆಯ ತಾಪದಲ್ಲಿ ಬೆಂಜೀನೇ ಮುಂದೆ, ಕುದಿಯುವ ಹೊತ್ತಿಗೆ ಎಥನಾಲ್ ಅದನ್ನು ಹಿಂದೆ ಹಾಕಿರುತ್ತದೆ. ಎಥನಾಲನ್ನು ಹಿಡಿದಿರುವ ಹೈಡ್ರೋಜನ್ ಬಂಧಗಳಿಂದಾಗಿ ಅದರ ಆವೀಕರಣಕ್ಕೆ ಮೋಲಿಗೆ ಸುಮಾರು 42 ಕಿಲೋಜೌಲ್ ಬೇಕು, ಬೆಂಜೀನಿಗೆ 34 ಸಾಕು. ಹೆಚ್ಚು ಶಕ್ತಿ ಬೇಡುವ ದ್ರವದ ಆವಿ ಒತ್ತಡ ತಾಪ ಏರಿದಂತೆ ಹೆಚ್ಚು ಕಡಿದಾಗಿ ಏರುತ್ತದೆ, ತಾಪ ಇಳಿದಂತೆ ಅಷ್ಟೇ ಕಡಿದಾಗಿ ಕುಸಿಯುತ್ತದೆ. ಎರಡು ದ್ರವಗಳನ್ನು ಹೋಲಿಸುವಾಗ ಯಾವ ತಾಪದಲ್ಲಿ ಎಂಬುದನ್ನು ಹೇಳಲೇಬೇಕು. ಬೆಂಜೀನ್ ಕ್ಯಾನ್ಸರ್‌ಕಾರಕ. ಇದು ಲೆಕ್ಕದಲ್ಲಿ ನೋಡಬೇಕಾದ ಉದಾಹರಣೆಯೇ ಹೊರತು ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ.

ಕುದಿಬಿಂದು ಹೊರಗಿನ ಗಾಳಿಯ ಒತ್ತಡವನ್ನೂ ಅವಲಂಬಿಸಿದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ, ನಮ್ಮ ಮಂಗಳೂರಿನಲ್ಲಿ 100ಕ್ಕೆ. ಹಾಗೆಂದು ಬೆಂಗಳೂರಿನ ನೀರಿನ ಹೈಡ್ರೋಜನ್ ಬಂಧಗಳು ಸಡಿಲವಾಗಿಲ್ಲ. ಮೀರಬೇಕಾದ ಹೊರಗಿನ ಒತ್ತಡವಷ್ಟೇ ಕಡಿಮೆ.

ಇನ್ನೊಂದು ವಿಷಯ ನಿಮ್ಮ ನೀರಿನ ಹನಿಗೆ ಮಾತ್ರ ಸಂಬಂಧಿಸಿದ್ದು. ಗಾಳಿಯಲ್ಲಿ ಅಸಿಟೋನ್ ಇಲ್ಲ, ಆಲ್ಕೋಹಾಲ್ ಇಲ್ಲ, ಆದರೆ ನೀರಿನ ಆವಿ ಯಾವಾಗಲೂ ಇರುತ್ತದೆ. ಹೊರಹೋದ ನೀರಿನ ಅಣುಗಳ ಜಾಗಕ್ಕೆ ಗಾಳಿಯಲ್ಲಿರುವ ಅಣುಗಳು ಬಂದು ಸೇರುತ್ತಲೇ ಇರುತ್ತವೆ. ಆರುವ ವೇಗ ಎಂದರೆ ಈ ಹೋಗಿಬರುವುದರ ನಡುವಿನ ವ್ಯತ್ಯಾಸ. ಕಲಬುರಗಿಯ ಒಣ ಬೇಸಿಗೆಯಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾದರೆ, ಇಲ್ಲಿ ಕರಾವಳಿಯಲ್ಲಿ ಅದೇ ಮಡಕೆ ಮೈಯೆಲ್ಲ ಒದ್ದೆಯಾಗಿದ್ದರೂ ಅಷ್ಟು ತಣಿಸಲಾರದು. ನಿಮ್ಮ ಊರಿನಲ್ಲಿ ಜುಲೈ ತಿಂಗಳಲ್ಲಿ ಈ ಪ್ರಯೋಗ ಮಾಡಿದರೆ ನೀರಿನ ಹನಿಗೆ ಮುಕ್ಕಾಲು ಗಂಟೆಯಲ್ಲ, ಗಂಟೆಗಟ್ಟಲೆ ಬೇಕಾದೀತು. ಅಸಿಟೋನಿನ ವೇಳೆ ಮಾತ್ರ ಹೆಚ್ಚು ಬದಲಾಗುವುದಿಲ್ಲ.

ಈ ತಂಪಿನ ಲೆಕ್ಕದಲ್ಲಿ ಹಲವರು ಎಡವುವುದನ್ನು ಕಂಡಿದ್ದೇನೆ. ಚುಚ್ಚುಮದ್ದಿಗೆ ಮುಂಚೆ ಸ್ಪಿರಿಟ್ ಸವರಿದರೆ ನೀರು ಸವರಿದ್ದಕ್ಕಿಂತ ತಣ್ಣಗೆನಿಸುತ್ತದೆ. ಆದ್ದರಿಂದ ಸ್ಪಿರಿಟ್ ಆವಿಯಾಗಲು ಹೆಚ್ಚು ಶಾಖ ಬೇಕು ಎಂದು ಬರೆಯುತ್ತಾರೆ. ನಿಜಾಂಶ ತಿರುಗಾಮುರುಗಾ. ಕೋಣೆಯ ತಾಪದಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,440 ಜೌಲ್ ಎಳೆದುಕೊಳ್ಳುತ್ತದೆ, ಒಂದು ಗ್ರಾಂ ಎಥನಾಲ್ 920 ಜೌಲ್ ಮಾತ್ರ. ಗ್ರಾಮಿಗೆ ಕಡಿಮೆ ಶಾಖ ಒಯ್ದರೂ ಸ್ಪಿರಿಟ್ ಒಂದೇ ಸೆಕೆಂಡಿನಲ್ಲಿ ಎಷ್ಟೋ ಹೆಚ್ಚು ಗ್ರಾಂ ಹಾರುವುದರಿಂದ ಚರ್ಮದ ಶಾಖ ಬೇಗ ಬೇಗ ಹೋಗುತ್ತದೆ. ಚರ್ಮಕ್ಕೆ ತಿಳಿಯುವುದು ಶಾಖ ಹೋಗುವ ವೇಗ, ಅದರ ಒಟ್ಟು ಮೊತ್ತವಲ್ಲ.

ಮತ್ತೆ ಉತ್ತರ 1ರವರು

ಬೆಂಜೀನ್ ಮತ್ತು ಎಥನಾಲಿನ ಹೋಲಿಕೆಗೆ ಕೃತಜ್ಞತೆಗಳು. ನಾನು ಕುದಿಬಿಂದುಗಳನ್ನು ಸಾಲಾಗಿ ಕೊಟ್ಟು ತಾಪದ ಮಾತನ್ನು ಬಿಟ್ಟಿದ್ದು ಸರಿಯಲ್ಲ. ಈ ತಿದ್ದುಪಡಿಯನ್ನು ನನ್ನ ತರಗತಿಯಲ್ಲಿಯೂ ಹೇಳುತ್ತೇನೆ.

ವಿದ್ಯಾರ್ಥಿನಿಗೆ ಮುಂದಿನ ವರ್ಷ ಬರುವ ದ್ರಾವಣಗಳ ಪಾಠದಿಂದ ಒಂದು ವಿಷಯವನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಹಿಡಿತ ಎಂಬುದು ಅಣುವಿನ ಸ್ವಂತ ಆಸ್ತಿಯಲ್ಲ, ಅದರ ನೆರೆಯಲ್ಲಿ ಯಾರಿದ್ದಾರೆ ಎಂಬುದೂ ಮುಖ್ಯ ಎಂದು ಅದು ತೋರಿಸುತ್ತದೆ. ಅಸಿಟೋನ್ 56 ಡಿಗ್ರಿಗೆ, ಕ್ಲೋರೋಫಾರ್ಮ್ 61ಕ್ಕೆ ಕುದಿಯುತ್ತವೆ. ಎರಡನ್ನೂ ಬೆರೆಸಿದರೆ ನಡುವಿನ ಯಾವುದೋ ತಾಪದಲ್ಲಿ ಕುದಿಯಬೇಕೆಂದು ಅನ್ನಿಸುವುದು ಸಹಜ. ಆದರೆ ತಕ್ಕ ಪ್ರಮಾಣದಲ್ಲಿ ಬೆರೆಸಿದ ಮಿಶ್ರಣ ಸುಮಾರು 64 ಡಿಗ್ರಿಗೆ ಕುದಿಯುತ್ತದೆ, ಎರಡಕ್ಕಿಂತಲೂ ಹೆಚ್ಚು. ಅಸಿಟೋನಿನ ಬಳಿ ಬಂಧಕ್ಕೆ ಒದಗುವ ಆಕ್ಸಿಜನ್ ಇದೆ, ಆದರೆ ಕೊಡಲು ತಕ್ಕ ಹೈಡ್ರೋಜನ್ ಇಲ್ಲ. ಕ್ಲೋರೋಫಾರ್ಮಿನ ಮೂರು ಕ್ಲೋರಿನ್‌ಗಳು ಎಲೆಕ್ಟ್ರಾನುಗಳನ್ನು ತಮ್ಮತ್ತ ಎಳೆದುಕೊಂಡಿರುವುದರಿಂದ ಅದರ ಒಂಟಿ ಹೈಡ್ರೋಜನ್ ಬಂಧಕ್ಕೆ ಹಾತೊರೆಯುತ್ತಿರುತ್ತದೆ, ಆದರೆ ತನ್ನವರಲ್ಲಿ ಅದಕ್ಕೆ ತಕ್ಕ ಜೊತೆಯಿಲ್ಲ. ಬೆರೆತಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಮೊದಲು ಇಲ್ಲದಿದ್ದ ಹೈಡ್ರೋಜನ್ ಬಂಧ ಹುಟ್ಟುತ್ತದೆ, ಎರಡೂ ಹಾರುವುದನ್ನು ಕಡಿಮೆ ಮಾಡುತ್ತವೆ. ಎಥನಾಲಿಗೆ ಹೆಕ್ಸೇನ್ ಬೆರೆಸಿದರೆ ಇದಕ್ಕೆ ವಿರುದ್ಧವಾದುದು ನಡೆಯುತ್ತದೆ. ಹೆಕ್ಸೇನಿನ ಅಣುಗಳು ನಡುವೆ ನುಗ್ಗಿ ಆಲ್ಕೋಹಾಲಿನ ಹೆಣಿಗೆಯನ್ನು ಬಿಡಿಸುತ್ತವೆ, ಮಿಶ್ರಣವು ಎರಡಕ್ಕಿಂತಲೂ ಕಡಿಮೆ ತಾಪದಲ್ಲಿ ಕುದಿಯುತ್ತದೆ.

ಮೈಸೂರಿನವರು ಇಲ್ಲಿ ಹೇಳದ ಒಂದು ಮಾತಿದೆ. ಉತ್ತರ ಪ್ರದೇಶದ ಕನೌಜಿನಲ್ಲಿ ಗುಲಾಬಿ, ಮಲ್ಲಿಗೆಗಳ ಅತ್ತರನ್ನು ಭಟ್ಟಿ ಇಳಿಸುವವರು ಸಂಪ್ರದಾಯದಂತೆ ಹೂವಿನ ಹಬೆಯನ್ನು ಶ್ರೀಗಂಧದ ಎಣ್ಣೆಯೊಳಗೆ ತಣಿಸುತ್ತಿದ್ದರು. ಸ್ಯಾಂಟಲಾಲ್‌ನ ನಡುವೆ ಕರಗಿ ಕುಳಿತ ಹೂವಿನ ಅಣುಗಳು ಮೇಲ್ಮೈಯಲ್ಲಿ ವಿರಳವಾಗುತ್ತವೆ, ಅದಕ್ಕೆ ತಕ್ಕಂತೆ ಅವುಗಳ ಆವಿ ಒತ್ತಡವೂ ಇಳಿಯುತ್ತದೆ. ಅದರಿಂದ ಗುಲಾಬಿಯ ಕಂಪು ತಾನೊಂದೇ ಇದ್ದಾಗಿನದಕ್ಕಿಂತ ಹೆಚ್ಚು ಹೊತ್ತು ಉಳಿಯುತ್ತದೆ.

ಪ್ರಶ್ನೆ ಕೇಳಿದವರ ಮಾತು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಕ್ಕದ ಮನೆಯ ಅಜ್ಜ ಹಳೆಯ ಲಾಟೀನಿಗೆಂದು ಇಟ್ಟುಕೊಂಡಿದ್ದ ಸೀಮೆಎಣ್ಣೆಯಿಂದ ಒಂದು ಹನಿ ಸಿಕ್ಕಿತು. ನೋಡುವ ಮುನ್ನ ನನ್ನ ಊಹೆಯನ್ನು ಹೀಗೆ ಬರೆದಿಟ್ಟೆ: ಸೀಮೆಎಣ್ಣೆಯ ಅಣುಗಳಲ್ಲಿ ಹತ್ತರಿಂದ ಹದಿನಾರರಷ್ಟು ಕಾರ್ಬನ್‌ಗಳಿರುತ್ತವೆ, ಎಂಟು ಕಾರ್ಬನ್‌ನ ಆಕ್ಟೇನೇ ನೀರಿಗಿಂತ ಹಿಂದೆ ಉಳಿಯುವುದಾದರೆ ಇದು ಇನ್ನೂ ಹಿಂದೆ ಉಳಿಯಬೇಕು, ಒಎಚ್ ಇಲ್ಲದಿದ್ದರೂ ನೀರು ಆರಿದ ಮೇಲೆಯೇ ಇದು ಆರಬೇಕು.

ಹನಿ ಬಿದ್ದ ಕೂಡಲೇ ನನಗೆ ಹೆದರಿಕೆಯಾಯಿತು. ನೀರಿನ ಹನಿ ಮಣಿಯಂತೆ ಉಬ್ಬಿ ನಿಂತರೆ, ಸೀಮೆಎಣ್ಣೆ ತಟ್ಟೆಯ ಮೇಲೆ ಅಂಗೈಯಗಲ ಹರಡಿ ತೆಳ್ಳಗಾಯಿತು. ಅಷ್ಟು ಅಗಲವಾದ ಮೇಲ್ಮೈಯಿಂದ ಅಣುಗಳು ಬೇಗ ಹಾರಿಹೋಗಿ ನನ್ನ ಊಹೆ ಸುಳ್ಳಾಗುತ್ತದೆ ಎಂದುಕೊಂಡೆ. ಒಂದು ಗಂಟೆ ಕಳೆಯುವುದರೊಳಗೆ ನೀರಿನ ಮಣಿ ಇದ್ದ ಜಾಗದಲ್ಲಿ ಬಿಳಿಯ ಸಣ್ಣ ಉಂಗುರ ಮಾತ್ರ ಉಳಿದಿತ್ತು. ಸೀಮೆಎಣ್ಣೆಯ ಪದರ ಆಗಲೂ ಹೊಳೆಯುತ್ತಿತ್ತು. ಸಂಜೆಯ ಹೊತ್ತಿಗೆ ಅದರ ವಾಸನೆ ಬಹಳ ಕಡಿಮೆಯಾಗಿತ್ತು, ಆದರೆ ಬೆರಳು ಸವರಿದರೆ ಜಿಡ್ಡು ಇನ್ನೂ ಇತ್ತು. ಹತ್ತು ಹನ್ನೊಂದು ಕಾರ್ಬನ್‌ನವು ಮೊದಲು ಹೋಗಿ ಹದಿನೈದು ಹದಿನಾರರವು ಉಳಿದಿರಬೇಕು ಎಂದು ನೋಟ್ಸಿನ ಅಂಚಿನಲ್ಲಿ ಬರೆದುಕೊಂಡಿದ್ದೇನೆ. ಅದರ ಮೇಲಿನ ಸಾಲಿನಲ್ಲಿ, ಲಂಡನ್ ಬಲ ದುರ್ಬಲ ಎಂದಿದ್ದ ಕಡೆ, ‘ಒಂದು ಸಂಪರ್ಕದಲ್ಲಿ’ ಎಂದು ಸೇರಿಸಿದ್ದೇನೆ.